ಪ್ರತಿ ಪುಟದಲ್ಲೂ ಹೆಸರು

ಇಂಟರ್ನೆಟ್ಟಿನಲ್ಲಿ ಅವಳು ವಾರಕ್ಕೊಮ್ಮೆ ಹಾಕುತ್ತಿದ್ದ ಕಾಮಿಕ್ಸಿನ ನಾಯಕ ಒಂದು ಕತ್ತೆ. ಸರ್ಕಾರಿ ಕಚೇರಿಗಳಿಗೆ ನುಗ್ಗಿ ಫೈಲು ತಿನ್ನುವುದೇ ಅದರ ಕೆಲಸ. ಅದನ್ನು ಪುಸ್ತಕ ಮಾಡಲು ಆನ್‌ಲೈನಿನಲ್ಲೇ ಓದುಗರಿಂದ ಚಂದಾ ಎತ್ತಿದಳು. ನೂರು, ಇನ್ನೂರು ಬಂದವು. ಅರ್ಧ ಖರ್ಚನ್ನು ಒಬ್ಬರೇ ಕೊಟ್ಟರು, ಹಾರ್ಡ್‌ವೇರ್ ಅಂಗಡಿಯ ಗುರುಶಾಂತಪ್ಪ. ದೇವಸ್ಥಾನಕ್ಕೆ ಅವರು ಕೊಟ್ಟ ಟ್ಯೂಬ್‌ಲೈಟಿನ ಮೇಲೆ ಹೆಸರು ಎಷ್ಟು ದಪ್ಪಗಿತ್ತೆಂದರೆ ಬೆಳಕೇ ಹೊರಗೆ ಬರುತ್ತಿರಲಿಲ್ಲ.

“ಪ್ರತಿ ಪುಟದಲ್ಲೂ ನನ್ನ ಹೆಸರು ಬರ್ಬೇಕು,” ಎಂದರು.

“ದಾನಿಗಳ ಪಟ್ಟಿ ಕೊನೇಲಿ ಹಾಕ್ತೀನಿ ಸರ್.”

“ಕೊನೇ ಪುಟ ಯಾರಮ್ಮ ನೋಡ್ತಾರೆ? ಆಗಲ್ಲ ಅಂದ್ರೆ ದುಡ್ಡು ವಾಪಸ್ ಕೊಡು.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿಯವರೆಗೆ ಹೆಸರಿಲ್ಲದಿದ್ದ ಕತ್ತೆಯ ಕೊರಳಿಗೆ ‘ಗುರುಶಾಂತಪ್ಪ’ ಎಂಬ ಬೋರ್ಡು ನೇತುಹಾಕಿ ಅಚ್ಚಿಗೆ ಕಳಿಸಿದಳು.

ಮೊದಲ ಪ್ರತಿ ಕೊಡಲು ಅಂಗಡಿಗೆ ಹೋದವಳು, ಓಡಬೇಕಾದರೆ ಇರಲಿ ಎಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. ಅವರು ಕನ್ನಡಕ ಏರಿಸಿ, ಬೆರಳಿಗೆ ಎಂಜಲು ಹಚ್ಚಿ, ಒಂದೊಂದೇ ಪುಟ ತಿರುವಿದರು. ಕೊನೆಗೆ ಹುಬ್ಬು ಗಂಟಿಕ್ಕಿ ತಲೆಯೆತ್ತಿದರು.

“ಹದಿನಾಲ್ಕನೇ ಪುಟದಲ್ಲಿ ಕತ್ತೇನೇ ಇಲ್ವಲ್ಲಮ್ಮ.”