ಎರಡು ಕವಾಟ

ಡಾಕ್ಟರು ಹೃದಯದ ಎರಡು ಕೃತಕ ಕವಾಟಗಳನ್ನು ಮೇಜಿನ ಮೇಲಿಟ್ಟರು. ಕಪ್ಪಗಿದ್ದದ್ದು ಕಾರ್ಬನ್ನಿನದು, ಬೆಳ್ಳಗಿದ್ದದ್ದು ಹಸುವಿನ ಹೃದಯದ ಪೊರೆಯಿಂದ ಮಾಡಿದ್ದು. ಯಾವುದು ಬೇಕೆಂದು ಅವರು ಕೇಳಿದ್ದು ಅರ್ಪಿತಳನ್ನು. ಉತ್ತರ ಕೊಟ್ಟಿದ್ದು ಅವಳ ಅತ್ತೆ ಹೊಂಬಾಳಮ್ಮ.

"ಕರೀದೇ ಆಕಿ ಸಾರ್. ಹಸೀನ ಪೊರೆ ಎದೇಲಿಟ್ಕಂಡು ಇವ್ಳು ಕೊಟ್ಟಿಗೆಗೆ ಯಾವ ಮೊಕ ಒತ್ಕಂಡು ಓಗ್ಬೇಕು?"

ಕಪ್ಪು ಕವಾಟ ಕೊನೆಯವರೆಗೂ ಬಾಳಿಕೆ ಬರುತ್ತದೆ, ಆದರೆ ದಿನವೂ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು ಎಂದರು ಡಾಕ್ಟರು. ಬಸುರಿಯಾದರೆ ಆ ಮಾತ್ರೆಯಿಂದ ಮಗುವಿಗೆ ಅಪಾಯ. ಹಸುವಿನ ಪೊರೆಯದಕ್ಕೆ ಆ ತೊಂದರೆಯಿಲ್ಲ. ಆದರೆ ಹತ್ತು ಹನ್ನೆರಡು ವರ್ಷಕ್ಕೆ ಅದು ಸವೆಯುತ್ತದೆ, ಮತ್ತೆ ಎದೆ ತೆರೆಯಬೇಕು.

ಹೊಂಬಾಳಮ್ಮ ಬೆಳ್ಳಗಿದ್ದದ್ದನ್ನು ಡಾಕ್ಟರ ಕಡೆ ಸರಿಸಿದರು. "ಅಂಗಾದ್ರೆ ಹಸೀನದ್ದೇ ಆಕ್ಬುಡಿ. ಗೋಮಾತೆ, ಒಳ್ಳೇದೇ ಮಾಡ್ತಾಳೆ. ಮನೆಗೊಂದು ಗಂಡು ಬ್ಯಾಡ್ವಾ?"

ಗಂಡ ರಘುನಂದನ್ ಒಪ್ಪಿಗೆ ಪತ್ರ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದ. ಅರ್ಪಿತ ಪತ್ರದ ಮೇಲೆ ಅಂಗೈ ಇಟ್ಟಳು. ಮಗಳು ಗಗನಳಿಗೆ ಈಗ ಆರು ವರ್ಷ. ಅದಕ್ಕೆ ಹತ್ತು ಕೂಡಿಸಿ ನೋಡಿದಳು, ಹನ್ನೆರಡು ಕೂಡಿಸಿ ನೋಡಿದಳು.

"ಗಗನ ಪಿಯುಸಿ ಓದೋವಾಗ ನಾನು ಇನ್ನೊಂದ್ಸಲ ಎದೆ ಕುಯ್ಸ್ಕಂಡು ಮನಿಕ್ಕಳಲ್ಲ. ಕರೀದೇ ಆಕಿ ಸಾರ್."

"ಲೇ, ಅವ್ವ ಹೇಳ್ತಾವ್ಳಲ್ಲ," ಎಂದ ರಘುನಂದನ್.

"ಬೇಕಾದ್ರೆ ಅತ್ತೆಮ್ಮ ಅವ್ರೆದೆಗೆ ಹಸೀನದ್ದು ಆಕಿಸ್ಕಳ್ಳಲಿ."

ಡಾಕ್ಟರು ಪತ್ರವನ್ನು ಅವಳ ಕಡೆ ತಿರುಗಿಸಿದರು. ರಘುನಂದನ್ ಪೆನ್ನು ಕೊಡಲಿಲ್ಲ. ಅವಳೇ ಅವನ ಬೆರಳುಗಳ ನಡುವಿನಿಂದ ಅದನ್ನು ತೆಗೆದುಕೊಂಡಳು.