ಸಾವಂತ್ರವ್ವನ ಓಟು

ಸಾವಂತ್ರವ್ವ ಸೆರಗಿನ ಗಂಟು ಬಿಚ್ಚಿ, ಗಂಡ ಕಳಿಸಿದ್ದ ಟಪಾಲಿನ ಕಾರ್ಡನ್ನು ಮೇಜಿನ ಮೇಲಿಟ್ಟಳು. "ನಮ್ಮ ಮನ್ಯಾಗಿನವರ ಓಟು ಹಾಕಾಕ ಬಂದೇನ್ರಿ."

ಅಬಲೂರಿನ ಶಾಲೆಯಲ್ಲಿ ಅಂದು ಲೋಕಲ್ ಬೋರ್ಡಿನ ಚುನಾವಣೆ. ೧೯೩೮ರ ಮಾತು. ಗಂಡ ಉಳಿವೆಪ್ಪ ಯಲವಿಗಿ ಸ್ಟೇಶನ್ನಿನಲ್ಲಿ ಹಳಿ ದುರಸ್ತಿಯ ಗ್ಯಾಂಗಿನವನು. ರಜೆ ಸಿಗದ ಕಾರಣ, ತನ್ನ ಓಟನ್ನು ಮಲ್ಲೇಶಪ್ಪಗೌಡರಿಗೆ ಹಾಕಿ ಬರಬೇಕೆಂದು ಹೆಂಡತಿಗೆ ಬರೆಸಿ ಕಳಿಸಿದ್ದ. ಅವನಿಗೆ ರೈಲ್ವೆ ಕೆಲಸ ಕೊಡಿಸಿದವರೇ ಗೌಡರು.

ಕಾರ್ಡು ಬಂದಾಗಿನಿಂದ ಸಾವಂತ್ರವ್ವನಿಗೆ ಕುಂತಲ್ಲಿ ಕೂರಲಾಗಿರಲಿಲ್ಲ. ಹನ್ನೆರಡು ವರ್ಷ ಬೋರ್ಡಿನ ಮೆಂಬರಾಗಿದ್ದ ಗೌಡರು ಹಿರೇಕೆರೂರಿನ ದಾರಿಯ ಹಳ್ಳಕ್ಕೆ ಒಂದು ಸೇತುವೆ ಕಟ್ಟಿಸಿರಲಿಲ್ಲ. ಹೋದ ಶ್ರಾವಣದಲ್ಲಿ ಮಗಳು ಅನ್ನವ್ವನನ್ನು ಹೆರಿಗೆಗೆಂದು ಹಿರೇಕೆರೂರಿನ ದವಾಖಾನೆಗೆ ಒಯ್ಯುವಾಗ, ತುಂಬಿದ ಹಳ್ಳದ ಈಚೆ ದಂಡೆಯಲ್ಲೇ ಚಕ್ಕಡಿ ನಿಂತುಬಿಟ್ಟಿತು. ನೀರು ಇಳಿಯುವಷ್ಟರಲ್ಲಿ ಅನ್ನವ್ವ ಇರಲಿಲ್ಲ. ಉಳಿವೆಪ್ಪ ಊರು ಮುಟ್ಟಿದ್ದು ಮಗಳು ಮಣ್ಣಾದ ಮರುದಿನ. ಆ ಚಕ್ಕಡಿ ಹೊಡೆದಿದ್ದ ಹೂವಪ್ಪ ಈಗ ಚುನಾವಣೆಗೆ ಗೌಡರ ಎದುರು ನಿಂತಿದ್ದ. ಮನೆಮನೆಗೆ ಹೋಗಿ ಸೇತುವೆಯ ಮಾತೊಂದನ್ನೇ ಆಡಿದ್ದ.

ಹಿರೇಕೆರೂರಿನಿಂದ ಬಂದಿದ್ದ ಕಾರಕೂನ ಕಾರ್ಡನ್ನು ಗಟ್ಟಿಯಾಗಿ ಓದಿ ತಿರುಗಿ ಕೊಟ್ಟ. "ಇದು ನಡ್ಯೂದಿಲ್ಲ, ಯವ್ವ. ಓಟು ಯಾರದೋ ಅವರ ಬರಬೇಕು. ಊರಾಗ ಇಲ್ದವರದು ಹಂಗ ಉಳೀತೈತಿ."

ಆಕೆಗೆ ಎದೆ ಹಗುರಾಯಿತು. ಹೊರಡಲೆಂದು ತಿರುಗಿದಳು. ಕಾರಕೂನ ಕರೆದ.

"ನಿಮ್ಮ ಹೆಸರು?"

"ಸಾವಂತ್ರವ್ವ ಅಂತಾರ್ರಿ."

ಅವನ ಬೆರಳು ಮತದಾರರ ಯಾದಿಯ ಮೇಲೆ ಇಳಿಯುತ್ತ ಹೋಗಿ ಒಂದು ಕಡೆ ನಿಂತಿತು. "ನಿಮ್ಮ ಹೆಸರ್ಲೆ ಹೊಲ ಐತೇನು?"

"ನಮ್ಮಪ್ಪ ಕೊಟ್ಟಿದ್ದು ಐತ್ರಿ. ಕಂದಾಯ ನಮ್ಮನಿಯವರ ಕಟ್ತಾರ."

"ಕಟ್ಟವರು ಯಾರರ ಇರ್ಲಿ. ಹೊಲ ನಿಮ್ಮದು, ಓಟೂ ನಿಮ್ಮದು. ಇಲ್ಲೇ ಐತಿ ನೋಡ್ರಿ."

ಯಾದಿಯಲ್ಲಿದ್ದ ನಾಲ್ಕಾರು ಹೆಂಗಸರ ಹೆಸರನ್ನು ಓದುವ ಗೋಜಿಗೆ ಊರಲ್ಲಿ ಯಾರೂ ಹೋಗಿರಲಿಲ್ಲ. ಓದು ಬರದವರು ಹೆಸರು ಹೇಳಿದರೆ ತಾನೇ ಗುರುತು ಹಾಕುವುದಾಗಿ ಕಾರಕೂನ ಹೇಳಿದ. ಬಾಕಿನ ಮೇಲೆ ಕುಳಿತಿದ್ದ ಗೌಡರ ಕಡೆಯ ಹನುಮಂತಪ್ಪ ಮುಂದಕ್ಕೆ ಬಾಗಿದ.

"ಗೌಡ್ರಿಗೆ ಹಾಕ್ರಿ ಸಾಹೇಬ್ರ. ಆಕಿ ಗಂಡ ಕಾರ್ಡಿನ್ಯಾಗ ಬರಸ್ಯಾನಲ್ಲ."

"ನೀವು ಸುಮ್ಮನ ಕುಂದರ್ರಿ," ಎಂದ ಕಾರಕೂನ, ಆಕೆಯ ಕಡೆ ತಿರುಗಿ ದನಿ ತಗ್ಗಿಸಿದ. "ಕಿವ್ಯಾಗ ಹೇಳ್ರಿ, ಯವ್ವ. ಇದು ಗುಟ್ಟಿನ ಕೆಲಸ. ನಾನೂ ಯಾರಿಗೂ ಹೇಳೂದಿಲ್ಲ, ನೀವೂ ಹೇಳೂದು ಬ್ಯಾಡ."

ಸಾವಂತ್ರವ್ವ ಕಾರ್ಡನ್ನು ಮತ್ತೆ ಸೆರಗಿಗೆ ಕಟ್ಟಿದಳು. ಗೌಡರು ಮನಸ್ಸು ಮಾಡಿದರೆ ಗಂಡನ ಕೆಲಸ ಹೋಗಲು ಒಂದು ಕಾಗದ ಸಾಕು. ಚಕ್ಕಡಿಯಲ್ಲಿ ಮಲಗಿದ್ದ ಮಗಳು ಮಾತ್ರ, "ನೀರು ಇಳೀತೇನಬೇ?" ಎಂದು ಮತ್ತೆ ಮತ್ತೆ ಕೇಳಿದಂತಾಯಿತು. ಸಾವಂತ್ರವ್ವ ಬಾಗಿ ಹೆಸರು ಹೇಳಿದಳು. ಪೆನ್ಸಿಲು ಸರಿದ ಸಪ್ಪಳ ಕೇಳಿಸಿತು.

ಎಣಿಕೆಯಾಯಿತು, ಗೌಡರೇ ಗೆದ್ದರು. ಅಬಲೂರಿನ ಪೆಟ್ಟಿಗೆಯಲ್ಲಿ ಹೂವಪ್ಪನಿಗೆ ಬಿದ್ದದ್ದು ಮೂವತ್ತೊಂದು. ರವಿವಾರ ಉಳಿವೆಪ್ಪ ಊರಿಗೆ ಬಂದು ಉಣ್ಣಲು ಕುಳಿತಿದ್ದಾಗ ಹನುಮಂತಪ್ಪ ಬಾಗಿಲಿಗೆ ಬಂದ.

"ಮೂವತ್ತು ಹೂವಪ್ಪನ ಬಳಗದವರದು, ಎಣಿಸೇವಿ. ಮ್ಯಾಲಿನದೊಂದು ಯಾರದು ಅಂತ ಗೌಡ್ರು ಕೇಳಾಕತ್ತಾರ," ಎಂದು, ಒಳಗೊಮ್ಮೆ ಇಣುಕಿ ನೋಡಿ ಹೋದ.

ಉಳಿವೆಪ್ಪ ತಲೆ ಎತ್ತಿದ. "ನಿನಗೂ ಓಟು ಇತ್ತಂತ. ಯಾರಿಗೆ ಹಾಕಿದಿ?"

"ಹೇಳಬ್ಯಾಡಂತ ಸಾಹೇಬ್ರು ಹೇಳ್ಯಾರ್ರಿ."

"ನನಗೂ?"

ಸಾವಂತ್ರವ್ವ ಗಂಡನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು.

"ಅನ್ನವ್ವ ಹೋದ ದಿನ ನೀವು ಊರಾಗ ಇದ್ದಿದ್ರ, ಯಾರಿಗೆ ಹಾಕು ಅಂತ ಬರಸ್ತಿದ್ರಿ?"