ಒಂಬತ್ತನೇ ನಂಬರಿನ ಗೋಲು

ಚೆಂಡು ಬಲೆಗೆ ಬಿದ್ದದ್ದೇ ತಡ, ಟೈಲರಮ್ಮ ಕುರ್ಚಿಯಿಂದ ಎದ್ದು, ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿದರು: "ಗೋಲ್! ನನ್ನ ಅಳಿಯ ಹೊಡೆದ, ನನ್ನ ಅಳಿಯ!"

ಮೈದಾನದಲ್ಲಿದ್ದವರೆಲ್ಲ ತಿರುಗಿ ಅವರ ಮೇಜಿನತ್ತ ನೋಡಿದರು. ತೀರಿಹೋದ ಗಂಡ ಕಟ್ಟಿದ ಆ ಪುಟ್ಟ ಫುಟ್‌ಬಾಲ್ ಕ್ಲಬ್ಬಿನ ಪಂದ್ಯಗಳಿಗೆ ಮೊದಲಿನಿಂದಲೂ ಅವರದೇ ವೀಕ್ಷಕ ವಿವರಣೆ. ಹುಟ್ಟಿದಾಗಿನಿಂದ ಕೆಳಗಿನ ಲೀಗಿನಲ್ಲೇ ಬಿದ್ದಿದ್ದ ಕ್ಲಬ್ಬು ಮೇಲಕ್ಕೇರಲು ಈ ಒಂದು ಗೋಲು ಸಾಕಿತ್ತು. ಆದರೆ ಜನ ಬೆರಗಾದದ್ದು ಅದಕ್ಕಲ್ಲ. ಹೇಳದೆ ಕೇಳದೆ ಮಗಳನ್ನು ಮದುವೆಯಾದ ಆ ಪ್ಲಂಬರನನ್ನು ಟೈಲರಮ್ಮ ಇಷ್ಟು ದಿನ "ಒಂಬತ್ತನೇ ನಂಬರ್" ಎಂದಷ್ಟೇ ಕೂಗುತ್ತಿದ್ದರು. ಮಗಳ ಜೊತೆಗೂ ಮಾತು ಬಿಟ್ಟಿದ್ದರು.

ಕೊನೆಯ ಸೀಟಿ ಊದುತ್ತಲೇ ಅಳಿಯ ಗೆಳೆಯರ ತೋಳುಗಳಿಂದ ಬಿಡಿಸಿಕೊಂಡು, ಕೆಸರು ಮೆತ್ತಿದ ಬೂಟಿನಲ್ಲೇ ಓಡಿಬಂದು ಅವರ ಮೇಜಿನ ಮುಂದೆ ನಿಂತ. "ಅತ್ತೆ, ಮೈಕ್ ಇನ್ನೂ ಆನ್ ಇದೆ," ಎಂದ ಮೆಲ್ಲಗೆ.

ಟೈಲರಮ್ಮನ ಮುಖ ಕೆಂಪೇರಿತು. ಬೆರಳು ಸ್ವಿಚ್ಚಿನವರೆಗೂ ಹೋಯಿತು, ಒತ್ತಲಿಲ್ಲ. "ಇರ್ಲಿ ಬಿಡು, ಎಲ್ರೂ ಕೇಳ್ಲಿ. ಸಂಜೆ ಅವಳನ್ನ ಕರ್ಕೊಂಡು ಊಟಕ್ಕೆ ಬಾ. ಗೋಲ್ ಹೊಡೆದೆ ಅಂತ ಕರೀತಿಲ್ಲಪ್ಪ. ಮಗಳ ಮುಖ ನೋಡಿ ಬಹಳ ದಿನ ಆಯ್ತು."

ಗೋಲಿಗಿಂತ ಜೋರಾದ ಚಪ್ಪಾಳೆ ಬಿದ್ದದ್ದು ಆಗ.